ಅಂಕಿತನಾಮವೊಂದರ ಅವಸ್ಥೆ

ತರಗತಿಯಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳ ಪಾಠ ಹೇಳುತ್ತಿದ್ದಾಗ, ಅಂಕಿತನಾಮವು ಕ್ರಿಯಾಪದವಾಗುವುದುಂಟೆ ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಒಡನೆಯೇ ನನ್ನ ನೆನಪಿಗೆ ಬಂದವನು ಕ್ಯಾಪ್ಟನ್ ಬಾಯ್ಕಾಟ್. ಈ ಮಾತನ್ನು ನಾವೆಲ್ಲರೂ ಆಡುತ್ತೇವೆ. ಅದು ಒಬ್ಬ ಮನುಷ್ಯನ ಮನೆತನದ ಹೆಸರೆಂಬುದನ್ನು ಬಲ್ಲವರು ಕಡಮೆ.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಲ್ಲಿ, ಪಾದ್ರಿಯ ಮನೆಯಲ್ಲಿ. ಆಗ ಮನೆತನದ ಹೆಸರು ಬಾಯ್ಕ್ಯಾಟ್ ಎಂದಿತ್ತು. ಅವನು ಬಾಲಕನಾಗಿದ್ದಾಗಲೇ ಹಿರಿಯರು ಒಂದಕ್ಷರವನ್ನು ತಿದ್ದಿಕೊಂಡರು. ತಿದ್ದದಿದ್ದರೆ ಜಗತ್ತಿನ ನಿಘಂಟುಗಳಲ್ಲಿ ಆ ಪದದ ಕಾಗುಣಿತವೇ ಬೇರೆಯಾಗುತ್ತಿತ್ತು! ಕೆಲಕಾಲ ಸೇನೆಯಲ್ಲಿದ್ದು, ಐರ್ಲೆಂಡಿನ ಆಕಿಲ್ ದ್ವೀಪದಲ್ಲಿ ಬೇಸಾಯ ಮಾಡಿ, 1870ರ ದಶಕದಲ್ಲಿ ಅವನು ಮೇಯೋ ಪ್ರಾಂತ್ಯಕ್ಕೆ ಬಂದು ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಕಾರಭಾರಿಯಾದನು. ಮಹಾಕ್ರೂರಿಯೇನೂ ಅಲ್ಲ; ಆದರೆ ಸಣ್ಣಪುಟ್ಟ ತಪ್ಪಿಗೂ ದಂಡ ಹಾಕುವ ಬಿಗಿಮನಸ್ಸಿನವನು. ಇಂಥವನನ್ನು ಬಡವರು ಕ್ರೂರಿಗಿಂತ ಹೆಚ್ಚು ದ್ವೇಷಿಸುತ್ತಾರೆಂದು ನನಗೆ ತೋರುತ್ತದೆ.

1880ರಲ್ಲಿ ಒಕ್ಕಲುಗಳು ಗೇಣಿಯಲ್ಲಿ ಶೇಕಡಾ 25ರಷ್ಟು ಕಡಿತ ಬೇಡಿದರು. ಜಮೀನ್ದಾರನು 10ಕ್ಕೆ ಮಾತ್ರ ಒಪ್ಪಿದನು. ಸೆಪ್ಟೆಂಬರಿನಲ್ಲಿ ಒಕ್ಕಲೆಬ್ಬಿಸುವ ನೋಟೀಸುಗಳು ಹೊರಟವು. ಜಾರಿಮಾಡಲು ಬಂದವನನ್ನು ಊರ ಹೆಂಗಸರು ಮಣ್ಣು, ಕಲ್ಲು, ಗೊಬ್ಬರ ಎಸೆದು ಅಟ್ಟಿದರು. ಅದಕ್ಕೆ ಮೂರು ದಿನ ಮುಂಚೆ ನಾಯಕ ಪಾರ್ನೆಲ್, ಎನ್ನಿಸ್ ಪಟ್ಟಣದ ಸಭೆಯಲ್ಲಿ, ಒಕ್ಕಲೆಬ್ಬಿಸಲ್ಪಟ್ಟವನ ಹೊಲವನ್ನು ಹಿಡಿದವನನ್ನು ಕೊಲ್ಲಬೇಡಿರಿ, ಮಾತನಾಡಿಸದೆ ದೂರವಿಡಿರಿ ಎಂದು ಬೋಧಿಸಿದ್ದನು. ಆ ಬೋಧೆಯು ಈಗ ಕಾರಭಾರಿಯ ಮೇಲೆ ತಿರುಗಿತು. ಆಳುಗಳು ಕೆಲಸ ಬಿಟ್ಟರು. ಅಗಸಗಿತ್ತಿ ಬಟ್ಟೆ ಮುಟ್ಟಲಿಲ್ಲ, ಕಮ್ಮಾರ ಲಾಳ ಕಟ್ಟಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಅಂಚೆಯೂ ನಿಂತಿತು. ಬೆಳೆ ಕೊಯ್ಯಲು ಉತ್ತರ ಐರ್ಲೆಂಡಿನ ಕಡೆಯಿಂದ 50 ಮಂದಿ ಸ್ವಯಂಸೇವಕರು ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು! 500 ಪೌಂಡಿನ ಫಸಲಿಗೆ 10,000 ಪೌಂಡು ವೆಚ್ಚವಾಯಿತೆಂದು ಅಂದಾಜು.

ಈ ಶಿಕ್ಷೆಗೊಂದು ಹೆಸರು ಬೇಕಾಗಿತ್ತು. ಇಂಗ್ಲಿಷಿನಲ್ಲಿ ಆಸ್ಟ್ರಸೈಜ್ ಎಂಬ ಪದವಿತ್ತು. ಗಡೀಪಾರಾಗಬೇಕಾದವನ ಹೆಸರನ್ನು ಪ್ರಾಚೀನ ಅಥೆನ್ಸಿನ ಪ್ರಜೆಗಳು ಮಡಕೆಯ ಚೂರಿನ ಮೇಲೆ ಗೀರುತ್ತಿದ್ದರು. ಅದರಿಂದ ಹುಟ್ಟಿದ ಪದವದು. ಒಕ್ಕಲುಗಳಿಗೆ ಈ ಗ್ರೀಕು ಪಾಂಡಿತ್ಯ ತಿಳಿಯದೆಂದು ಊರ ಪಾದ್ರಿ ಓಮಾಲಿಯು ಬಾಯ್ಕಾಟ್ ಮಾಡುವುದು ಎಂದರಾಗದೆ ಎಂದು ಸೂಚಿಸಿದನಂತೆ. ಅಮೆರಿಕದ ಪತ್ರಕರ್ತ ರೆಡ್‌ಪಾತ್ ಹೀಗೆ ಹೇಳಿದ್ದಾನೆ. ನವೆಂಬರಿನೊಳಗೆ ಅದು ಲಂಡನ್ನಿನ ಟೈಮ್ಸ್ ಪತ್ರಿಕೆಯನ್ನೇ ಹೊಕ್ಕಿತು. ಬಳಿಕ ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳನ್ನೂ ಸೇರಿತು.

ಮುಂದಿನದು ಅರ್ಥವಿಕಾಸದ ಕಥೆ. ಮೊದಲು ವ್ಯಕ್ತಿಯನ್ನು ದೂರವಿಡುವುದಷ್ಟೇ ಅರ್ಥವಾಗಿದ್ದುದು ಸರಕಿಗೆ, ಸಭೆಗೆ, ಚುನಾವಣೆಗೆ ಹರಡಿತು. 1905ರಲ್ಲಿ ಬಂಗಾಳದ ವಿಭಜನೆಯನ್ನು ವಿರೋಧಿಸಿದವರು ವಿದೇಶಿ ವಸ್ತ್ರಕ್ಕೆ ಅದನ್ನು ಅನ್ವಯಿಸಿದರು. ಕನ್ನಡದಲ್ಲಿ ನಾವು ಅದಕ್ಕೆ ಬಹಿಷ್ಕಾರವೆಂಬ ಹಳೆಯ ಪದವನ್ನು ಹೊಂದಿಸಿಕೊಂಡೆವು. ಈ ಹೊಂದಿಕೆ ನನಗೆ ಅಷ್ಟು ಸಮಾಧಾನ ತಂದಿಲ್ಲ. ಮೇಯೋದಲ್ಲಿ ಅದು ಬಲಹೀನರು ಬಲಿಷ್ಠನ ಮೇಲೆ ಹಿಡಿದ ಆಯುಧ. ನಮ್ಮ ಊರುಗಳಲ್ಲಿ ಬಹಿಷ್ಕಾರವೆಂದರೆ ಬಹುಮಟ್ಟಿಗೆ ಬಲಿಷ್ಠರು ದುರ್ಬಲನ ನೀರು, ಕೂಲಿ, ಅಂಗಡಿಗಳನ್ನು ಮುಚ್ಚುವುದು. ಎರಡಕ್ಕೂ ಒಂದೇ ಪದವನ್ನು ಬಳಸುವಾಗ ತರಗತಿಯಲ್ಲಿ ನಾನು ತುಸು ತಡವರಿಸುತ್ತೇನೆ.

ಬಾಯ್ಕಾಟನು 1880ರ ಡಿಸೆಂಬರಿನಲ್ಲಿ ಐರ್ಲೆಂಡನ್ನು ಬಿಟ್ಟನು. ಬೆದರಿಕೆಯ ಪತ್ರ ಬಂದುದರಿಂದ ಡಬ್ಲಿನ್ನಿನ ಹೋಟೆಲಿನವರೂ ಅವನನ್ನು ಇರಗೊಡಲಿಲ್ಲ. ಮರುವರ್ಷ ಅಮೆರಿಕಕ್ಕೆ ಪಯಣಿಸುವಾಗ ತನ್ನ ಮನೆತನದ ಹೆಸರನ್ನು ಮರೆಮಾಡಿ ಕನಿಂಗ್‌ಹ್ಯಾಮ್ ಎಂದು ಹೇಳಿಕೊಂಡನು. 1886ರಲ್ಲಿ ಸಫೋಕ್ ಪ್ರಾಂತ್ಯದ ಫ್ಲಿಕ್ಸ್‌ಟನ್ನಿನಲ್ಲಿ ಮತ್ತೆ ಜಮೀನಿನ ಕಾರಭಾರಕ್ಕೇ ಸೇರಿ, 1897ರಲ್ಲಿ ಅಲ್ಲಿಯೇ ತೀರಿಕೊಂಡನು. ಅಷ್ಟರಲ್ಲಿ ಅವನ ಮೇಲಿನ ಕೋಪ ಆರಿತ್ತು. ಬಿಡುವಿನ ದಿನಗಳನ್ನು ಕಳೆಯಲು ಅವನು ಐರ್ಲೆಂಡಿಗೇ ಹೋಗಿಬರುತ್ತಿದ್ದನಂತೆ.