ಡಾ. ಎಮಿಲ್ ಕ್ರೇಪೆಲಿನ್ (1856–1926): ಮದ್ಯಪಾನ ಮತ್ತು ದುಡಿಮೆ

ಆಧುನಿಕ ಮನೋವೈದ್ಯಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದ ಡಾ. ಎಮಿಲ್ ಕ್ರೇಪೆಲಿನ್ ಅವರು 1856ರ ಫೆಬ್ರವರಿ 15ರಂದು ಜರ್ಮನಿಯ ನೊಯ್‌ಸ್ಟ್ರೆಲಿಟ್ಸ್ ಪಟ್ಟಣದಲ್ಲಿ ಜನಿಸಿದರು. ವೈದ್ಯ ಶಿಕ್ಷಣದ ನಂತರ ಲೈಪ್‌ಜಿಗ್ ನಗರದಲ್ಲಿ ಮನೋವಿಜ್ಞಾನಿ ವಿಲ್‌ಹೆಲ್ಮ್ ವುಂಟ್ ಅವರ ಬಳಿ ಪ್ರಾಯೋಗಿಕ ವಿಧಾನಗಳನ್ನು ಅಭ್ಯಸಿಸಿದರು.

ಆ ಕಾಲದಲ್ಲಿ ಜರ್ಮನಿಯು ವೇಗವಾಗಿ ಕೈಗಾರಿಕಾ ರಾಷ್ಟ್ರವಾಗುತ್ತಿತ್ತು. ದೀರ್ಘ ದುಡಿಮೆ ಹಾಗೂ ಇಕ್ಕಟ್ಟಾದ ವಸತಿಗಳ ನಡುವೆ ಬದುಕುತ್ತಿದ್ದ ಕಾರ್ಮಿಕರಲ್ಲಿ ಬಿಯರ್ ಮತ್ತು ಆಲೂಗಡ್ಡೆಯಿಂದ ಬಟ್ಟಿ ಇಳಿಸಿದ ಅಗ್ಗದ ಸಾರಾಯಿಯ ಬಳಕೆ ವ್ಯಾಪಕವಾಗಿತ್ತು. ಮದ್ಯವು ದುಡಿಯುವ ಮೈಗೆ ಬಲ ನೀಡುತ್ತದೆಂಬ ನಂಬಿಕೆ ಬೇರೂರಿತ್ತು.

ಕ್ರೇಪೆಲಿನ್ ಅವರು ಈ ನಂಬಿಕೆಯನ್ನು ಉಪದೇಶದಿಂದಲ್ಲ, ಅಳತೆಯಿಂದ ಪರೀಕ್ಷಿಸಿದರು. ಅಲ್ಪ ಪ್ರಮಾಣದ ಮದ್ಯವೂ ಗ್ರಹಿಕೆ ಮತ್ತು ಆಲೋಚನೆಯನ್ನು ಮಂದಗೊಳಿಸುತ್ತದೆ ಎಂದು 1892ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಮೊದಲಿಗೆ ಚಲನೆ ಸುಲಭವೆನಿಸುವುದರಿಂದ, ಕುಡಿದವನು ತನ್ನ ಕೆಲಸ ಚೆನ್ನಾಗಿ ಸಾಗುತ್ತಿದೆಯೆಂದು ಭ್ರಮಿಸುತ್ತಾನೆ. ಹೈಡೆಲ್‌ಬರ್ಗ್‌ನಲ್ಲಿ ಅವರ ಸಹಾಯಕರಾಗಿದ್ದ ಗುಸ್ಟಾಫ್ ಆಶಾಫೆನ್‌ಬುರ್ಗ್ ಅವರು ಅಚ್ಚುಮೊಳೆ ಜೋಡಿಸುವ ನಾಲ್ವರು ಕಾರ್ಮಿಕರ ಮೇಲೆ ಇಂತಹುದೇ ಪ್ರಯೋಗ ನಡೆಸಿ 1896ರಲ್ಲಿ ಪ್ರಕಟಿಸಿದರು. ಮದ್ಯ ಸೇವಿಸಿದ ದಿನಗಳಲ್ಲಿ ಒಟ್ಟಾರೆ ಕೆಲಸದ ಪ್ರಮಾಣ ಕುಗ್ಗಿತ್ತು.

ತಮ್ಮ ಸಂಶೋಧನೆಯ ಫಲಿತಾಂಶಗಳನ್ನು ಮನಗಂಡ ಕ್ರೇಪೆಲಿನ್ ಅವರು ಸ್ವತಃ ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸಿದರು. 1903ರಲ್ಲಿ ಬಿಯರ್‌ಗೆ ಹೆಸರಾದ ಮ್ಯೂನಿಕ್ ನಗರಕ್ಕೆ ಪ್ರಾಧ್ಯಾಪಕರಾಗಿ ತೆರಳಿದ ಮೇಲೂ ಮದ್ಯಪಾನದ ವಿರುದ್ಧದ ತಮ್ಮ ನಿಲುವನ್ನು ಬಿಡಲಿಲ್ಲ.

ಅವರ ಚಿಂತನೆಗೆ ಮಿತಿಗಳೂ ಇದ್ದವು. ಕುಡಿತದಿಂದ ವಂಶವೇ ಅವನತಿ ಹೊಂದುತ್ತದೆಂಬ ಅವರ ವಾದವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಕಾರ್ಮಿಕ ನಾಯಕರಲ್ಲಿ ಅನೇಕರು ಕಡಿಮೆ ಕೂಲಿ ಮತ್ತು ದುಸ್ಥಿತಿಯೇ ಕುಡಿತದ ಮೂಲವೆಂದು ನಂಬಿದ್ದರು. ಹೆಂಡದಂಗಡಿಯು ಅವರ ಸಭೆಗಳ ತಾಣವೂ ಆಗಿತ್ತು. ಆದಾಗ್ಯೂ ಸಾರಾಯಿಯ ತೆರಿಗೆ ಏರಿದ 1909ರಲ್ಲಿ, ಲೈಪ್‌ಜಿಗ್‌ನಲ್ಲಿ ಸೇರಿದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಸಮ್ಮೇಳನವು ಸಾರಾಯಿಯನ್ನು ಬಹಿಷ್ಕರಿಸುವಂತೆ ಕಾರ್ಮಿಕರಿಗೆ ಕರೆ ನೀಡಿತು.

1917ರಲ್ಲಿ ಮ್ಯೂನಿಕ್‌ನಲ್ಲಿ ಮನೋವೈದ್ಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ ಅವರು 1926ರ ಅಕ್ಟೋಬರ್ 7ರಂದು ನಿಧನರಾದರು.

ಆಯಾಸ ಕಳೆಯಲು ಮದ್ಯ ಬೇಕೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಕುಡಿದಾಗ ಉಂಟಾಗುವ ಹುರುಪು ದುಡಿಮೆಯ ಶಕ್ತಿಯಲ್ಲ ಎಂಬುದನ್ನು ಕ್ರೇಪೆಲಿನ್ ಅವರ ಪ್ರಯೋಗಗಳು ಶತಮಾನದ ಹಿಂದೆಯೇ ತೋರಿಸಿಕೊಟ್ಟಿವೆ.