ಹೆಸರಿಲ್ಲದೆ ಬರೆದ ಡಾಲ್ಟನ್ ಟ್ರಂಬೊ

1957ರ ಆಸ್ಕರ್ ಸಮಾರಂಭದಲ್ಲಿ ‘ದಿ ಬ್ರೇವ್ ಒನ್’ ಚಿತ್ರದ ಕಥೆಗಾಗಿ ರಾಬರ್ಟ್ ರಿಚ್ ಎಂಬ ಹೆಸರನ್ನು ಕರೆಯಲಾಯಿತು. ಲೇಖಕ ವೇದಿಕೆಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆ ಹೆಸರಿನ ಮರೆಯಲ್ಲಿದ್ದವರು ಡಾಲ್ಟನ್ ಟ್ರಂಬೊ.

1905ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಜನಿಸಿದ ಟ್ರಂಬೊ, ತಾರುಣ್ಯದ ಹಲವು ವರ್ಷಗಳನ್ನು ಲಾಸ್ ಏಂಜಲೀಸ್‌ನ ಬೇಕರಿಯೊಂದರಲ್ಲಿ ರಾತ್ರಿಪಾಳಿ ದುಡಿಯುತ್ತ ಕಳೆದರು. 1939ರಲ್ಲಿ ಯುದ್ಧವಿರೋಧಿ ಕಾದಂಬರಿ ‘ಜಾನಿ ಗಾಟ್ ಹಿಸ್ ಗನ್’ ಪ್ರಕಟವಾಯಿತು. ಮುಂದೆ ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವ ಚಿತ್ರಕಥೆಗಾರರ ಸಾಲಿಗೆ ಸೇರಿದರು. 1943ರಲ್ಲಿ ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾದಾಗ ಸೋವಿಯತ್ ಒಕ್ಕೂಟ ಅಮೆರಿಕದ ಮಿತ್ರರಾಷ್ಟ್ರವಾಗಿತ್ತು ಎಂಬುದನ್ನು ಮರೆಯಲಾಗದು.

ಯುದ್ಧ ಮುಗಿದೊಡನೆ ಗಾಳಿ ತಿರುಗಿತು. 1947ರ ಅಕ್ಟೋಬರ್‌ನಲ್ಲಿ ದೇಶದ್ರೋಹಿ ಚಟುವಟಿಕೆಗಳ ವಿಚಾರಣೆಗೆಂದು ಸಂಸತ್ತು ರಚಿಸಿದ್ದ ಸಮಿತಿ ಅವರನ್ನು ಕರೆಸಿ ಪಕ್ಷದ ಸದಸ್ಯತ್ವದ ಬಗ್ಗೆ ಪ್ರಶ್ನಿಸಿತು. ವಾಕ್‌ಸ್ವಾತಂತ್ರ್ಯದ ಹಕ್ಕನ್ನು ಮುಂದಿಟ್ಟು ಟ್ರಂಬೊ ಮತ್ತು ಇತರ ಒಂಬತ್ತು ಮಂದಿ ಉತ್ತರಿಸಲು ನಿರಾಕರಿಸಿದರು.

ಇಲ್ಲಿಂದಾಚೆಗಿನ ಅಧ್ಯಾಯ ಮಾಲೀಕರದು. ಈ ಹತ್ತು ಜನರನ್ನು ಕೆಲಸದಿಂದ ತೆಗೆಯಿರಿ ಎಂದು ಯಾವ ಕಾನೂನೂ ಹೇಳಿರಲಿಲ್ಲ. ಆದರೂ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಹೋಟೆಲಿನಲ್ಲಿ ಸಭೆ ಸೇರಿದ ಸ್ಟುಡಿಯೋ ಒಡೆಯರು ಅವರನ್ನು ಸಂಬಳವಿಲ್ಲದೆ ಹೊರಗಿಡುವುದಾಗಿ ಸಾರಿದರು. ನಿರಪರಾಧಿಗಳಿಗೂ ಪೆಟ್ಟಾಗಬಹುದೆಂದು ಅದೇ ಹೇಳಿಕೆಯಲ್ಲಿ ಒಪ್ಪಿಕೊಂಡದ್ದು ವಿಚಿತ್ರ. ಎಂಜಿಎಂ ಸಂಸ್ಥೆ ಟ್ರಂಬೊ ಅವರನ್ನು ಅಮಾನತುಗೊಳಿಸಿತು. ಅದೇ ಸಂಸ್ಥೆಯ ಮತ್ತೊಬ್ಬ ಲೇಖಕ ಲೆಸ್ಟರ್ ಕೋಲ್ ನ್ಯಾಯಾಲಯದ ಮೆಟ್ಟಿಲೇರಿದರು. ಸಾರ್ವಜನಿಕ ನಡತೆಗೆ ಸಂಬಂಧಿಸಿದ ಕರಾರಿನ ಷರತ್ತನ್ನು ಅವರು ಮುರಿದಿದ್ದಾರೆ ಎಂಬುದು ಸಂಸ್ಥೆಯ ವಾದ. ಜ್ಯೂರಿ ಕೋಲ್ ಪರ ನಿಂತಿತಾದರೂ, 1950ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕರಾರುಪತ್ರದ ಒಂದು ಸಾಲು ಮಾಲೀಕರ ಕೈಯಲ್ಲಿ ಎಂಥ ಅಸ್ತ್ರವಾಗಬಲ್ಲದೆಂದು ಉಳಿದ ಲೇಖಕರಿಗೆ ತಿಳಿಯಿತು.

ಸಂಸತ್ತಿನ ನಿಂದನೆಗಾಗಿ ಟ್ರಂಬೊ 1950ರಲ್ಲಿ ಕೆಂಟಕಿಯ ಸೆರೆಮನೆ ಸೇರಿದರು. ಅಷ್ಟರಲ್ಲಿ, ಅವರನ್ನು ಪ್ರಶ್ನಿಸಿದ್ದ ಸಮಿತಿಯ ಅಧ್ಯಕ್ಷ ಪಾರ್ನೆಲ್ ಥಾಮಸ್ ಕೂಡ ಕೆಲಸವನ್ನೇ ಮಾಡದವರ ಹೆಸರಿನಲ್ಲಿ ಸಂಬಳ ಎತ್ತಿದ ಅಪರಾಧಕ್ಕಾಗಿ ಜೈಲು ಕಂಡಿದ್ದರು!

ಬಿಡುಗಡೆಯ ನಂತರ ಕುಟುಂಬದೊಡನೆ ಮೆಕ್ಸಿಕೋಗೆ ತೆರಳಿದ ಅವರು ಮರಳಿ ಬಂದ ಮೇಲೂ ಸುಳ್ಳುಹೆಸರುಗಳಲ್ಲಿ, ಅಗ್ಗದ ದರಕ್ಕೆ ಬರೆದರು. ‘ರೋಮನ್ ಹಾಲಿಡೇ’ ಕಥೆ ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ಹೆಸರಿನಲ್ಲಿ ಆಸ್ಕರ್ ಗೆದ್ದಿತು. 1960ರಲ್ಲಿ ಬಂದ ‘ಎಕ್ಸೋಡಸ್’ ಮತ್ತು ‘ಸ್ಪಾರ್ಟಕಸ್’ ಚಿತ್ರಗಳು ಅವರ ನಿಜ ಹೆಸರನ್ನು ಮತ್ತೆ ತೆರೆಗೆ ತಂದವು.

‘ದಿ ಬ್ರೇವ್ ಒನ್’ ಪ್ರಶಸ್ತಿ ಅವರ ಕೈಸೇರಿದ್ದು 1975ರಲ್ಲಿ, ಮರುವರ್ಷವೇ ತೀರಿಕೊಂಡರು. ‘ರೋಮನ್ ಹಾಲಿಡೇ’ ಆಸ್ಕರ್ ಅನ್ನು 1993ರಲ್ಲಿ ಪತ್ನಿ ಕ್ಲಿಯೊ ಸ್ವೀಕರಿಸಿದರು. ಲೇಖಕರ ಸಂಘವು ಆ ಚಿತ್ರದ ಬರವಣಿಗೆಯ ಮನ್ನಣೆಯನ್ನು ಅವರಿಗೆ ಮರಳಿಸುವ ಹೊತ್ತಿಗೆ 2011 ಮುಗಿಯುತ್ತ ಬಂದಿತ್ತು.