ವಿಕ್ಟೋರಿಯ ರಾಣಿ

ವಿಕ್ಟೋರಿಯ (ಮೇ 24, 1819 – ಜನವರಿ 22, 1901) ಬ್ರಿಟನ್ ಮತ್ತು ಐರ್ಲೆಂಡಿನ ರಾಣಿ. ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಜನಿಸಿದ ಈಕೆ, ದೊಡ್ಡಪ್ಪ ನಾಲ್ಕನೆಯ ವಿಲಿಯಮನ ಮರಣಾನಂತರ 1837ರ ಜೂನ್ 20ರಂದು, 18ನೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಿದಳು. 1840ರಲ್ಲಿ ಸೋದರಸಂಬಂಧಿ ಆಲ್ಬರ್ಟನನ್ನು ವಿವಾಹವಾದಳು. ಈ ದಂಪತಿಗಳಿಗೆ ಒಂಬತ್ತು ಮಕ್ಕಳು.

1861ರಲ್ಲಿ ಆಲ್ಬರ್ಟ್ ನಿಧನನಾದನು. ಶೋಕತಪ್ತಳಾದ ರಾಣಿ ರಾಜ್ಯದ ಕಾಗದಪತ್ರಗಳ ಪರಿಶೀಲನೆಯನ್ನು ಬಿಡದಿದ್ದರೂ ಸಾರ್ವಜನಿಕ ಸಮಾರಂಭಗಳಿಂದ ವರ್ಷಗಟ್ಟಲೆ ದೂರವುಳಿದಳು. ಪ್ರಜೆಗಳ ಕಣ್ಣಿಗೆ ಬೀಳದ ಅರಸಿಗಾಗಿ ಹಣ ವ್ಯಯಿಸುವುದೇಕೆಂಬ ಪ್ರಶ್ನೆ ಎದ್ದಿತು. ಅರಸೊತ್ತಿಗೆಯೇ ಬೇಡವೆನ್ನುವವರ ದನಿ ಬಲಗೊಂಡಿತು. 1871ರಲ್ಲಿ ಯುವರಾಜ ಎಡ್ವರ್ಡ್ ವಿಷಮಶೀತಜ್ವರದಿಂದ ಸಾವಿನಂಚಿಗೆ ಹೋಗಿ ಚೇತರಿಸಿಕೊಂಡನು. ಮರುವರ್ಷ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಏರ್ಪಟ್ಟ ಕೃತಜ್ಞತಾ ಪ್ರಾರ್ಥನೆಗೆ ರಾಣಿ ಮೆರವಣಿಗೆಯಲ್ಲಿ ಬಂದಾಗ ಜನರು ಹರ್ಷದಿಂದ ಸ್ವಾಗತಿಸಿದರು. ವಿರೋಧ ತಗ್ಗಿತು.

1876ರ ಕಾಯಿದೆಯಂತೆ ಈಕೆಗೆ ಭಾರತದ ಸಾಮ್ರಾಜ್ಞಿ ಎಂಬ ಬಿರುದು ಸಂದಿತು. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ಇದನ್ನು ವೈಭವದಿಂದ ಘೋಷಿಸಿದಾಗ ಮೈಸೂರು, ಮದರಾಸು ಪ್ರಾಂತ್ಯಗಳು ಭೀಕರ ಕ್ಷಾಮಕ್ಕೆ ತುತ್ತಾಗಿದ್ದವು. ರಾಣಿ ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

1887 ಮತ್ತು 1897ರ ಆಳ್ವಿಕೆಯ ಮಹೋತ್ಸವಗಳಲ್ಲಿ ಆಕೆಯ ಜನಪ್ರಿಯತೆ ಎದ್ದು ಕಂಡಿತು. 63 ವರ್ಷಗಳಿಗೂ ಮೀರಿದ ಈ ಆಳ್ವಿಕೆಯಲ್ಲಿ ಅರಸೊತ್ತಿಗೆಯ ರಾಜಕೀಯ ಅಧಿಕಾರ ಕುಗ್ಗಿತು. ರಾಷ್ಟ್ರದ ಸಂಕೇತವಾಗಿ ಅದರ ಸ್ಥಾನ ಹಿರಿದಾಯಿತು.